ಮೂರು ಗೆರೆಯ ಕುಂಬಳಕಾಯಿ

ಕ್ಯಾಂಪು, 14 ಆಗಸ್ಟ್ 2023

ಹೊಸೂರಿನ ಆಲಸನತ್ತದ ಮೂರನೇ ಮಹಡಿಯ ಒಂಟಿ ರೂಮಿನಲ್ಲಿ ವಿರಾಜಮಾನಳಾಗಿರುವ, ಫೋನ್ ಫ್ಯಾಕ್ಟರಿಯ ಎರಡನೇ ಲೈನಿನ ಸಾಮ್ರಾಜ್ಞಿ ಸೆಲ್ವಿ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ತಮ್ಮನಾದ ಮುನೀಶನು ಅಡ್ಡಬಿದ್ದು ಮಾಡುವ ಬಿನ್ನಹ. ಬೇರಿಕೆಯಿಂದ ಹೊಸೂರಿಗೆ ಹೋಗುವ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದ ನಾನು ಎರಡು ವಿಮಾನ, ಒಂದು ಹೆಲಿಕಾಪ್ಟರ್ ಏರಿ, ಆಫ್ರಿಕಾದ ಒಂದು ದೇಶದಲ್ಲಿ ಶಾಂತಿ ಕಾಪಾಡಲು ಬಂದಿಳಿದಿದ್ದೇನೆ. ದೇಶದ ಹೆಸರನ್ನು ಕಾಗದದಲ್ಲಿ ಬರೆಯಬಾರದೆಂದು ಆಜ್ಞೆ. ಅಪ್ಪ ಅದನ್ನು ಇಷ್ಟರಲ್ಲಿ ಬೇರಿಕೆ ಸಂತೆಗೆಲ್ಲ ಹೇಳಿ ಮುಗಿಸಿರುತ್ತಾರೆ, ಅದು ಬೇರೆ ವಿಷಯ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳಬೇಡ. ವಾರಕ್ಕೊಮ್ಮೆ ನನ್ನ ಸರದಿ ಬಂದು ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು 'ಊಟ ಆಯ್ತೇನ್ಲಾ' ಅಂತಾರೆ. ಅಷ್ಟರಲ್ಲಿ ಲೈನ್ ಹೋಗುತ್ತದೆ. ಮನೆಗೆ ಕಾಗದ ಬರೆದರೆ ಅಪ್ಪ ಅದನ್ನು ಜಗಲಿ ಮೇಲೆ ನಿಂತು ಓದುತ್ತಾರೆ. ಹಾಗಾಗಿ ನಿಜಕ್ಕೆ ನಿನ್ನ ರೂಮಿನ ವಿಳಾಸವೇ ಗತಿ.

ನನ್ನ ಉದ್ಯೋಗ ಉಕ್ಕಿನ ಗಾಡಿಯ ಸಾರಥ್ಯ. ನೀಲಿ ಹೆಲ್ಮೆಟ್, ಬಿಳಿ ಗಾಡಿ, ಅದರ ನೆತ್ತಿಯ ಮೇಲೊಂದು ಬಂದೂಕು. ಹಿಂದಿನ ವರ್ಷ ಇಲ್ಲಿ ಒಂದು ಗುಂಪಿನವರು ಇನ್ನೊಂದು ಕುಲದವರ ಊರು ಸುಟ್ಟರಂತೆ. ತಪ್ಪಿಸಿಕೊಂಡು ಬಂದವರು ನಮ್ಮ ಕ್ಯಾಂಪಿನ ಗೇಟಿಗೆ ಅಂಟಿಕೊಂಡು ಗುಡಿಸಲು ಹಾಕಿದ್ದಾರೆ. ನಾವಿದ್ದರೆ ಯಾರೂ ಮುಟ್ಟುವುದಿಲ್ಲ ಅಂತ ಅವರ ನಂಬಿಕೆ. ನಿನ್ನ ತಮ್ಮನನ್ನು ನಂಬಿ ಜೀವ ಹಿಡಿದುಕೊಂಡಿರುವ ಜನ ಭೂಮಿಯ ಮೇಲೆ ಇದ್ದಾರೆ, ನೋಡಿಕೋ.

ಗೇಟಿನ ಹತ್ತಿರ ಒಬ್ಬಳು ಕುಂಬಳಕಾಯಿ, ಸೊಪ್ಪು ಇಟ್ಟುಕೊಂಡು ಕೂರುತ್ತಾಳೆ. ಥೇಟ್ ಬೇರಿಕೆ ಸಂತೆಯ ಸಾಕಮ್ಮನೇ. ಅದೇ ಗತ್ತು, ಬೆರಳು ತಾಗಿಸಿದರೆ ಅದೇ ಬೈಗುಳ. ನಾನು ಅವಳಿಗೆ ಸಾಕಮ್ಮ ಅಂತಲೇ ನಾಮಕರಣ ಮಾಡಿದ್ದೇನೆ. ಅವಳ ಗಂಡನಿಗೂ, ಆ ಕುಲದ ಗಂಡಸರಿಗೆಲ್ಲರಿಗೂ, ಹಣೆಯ ಮೇಲೆ ಅಡ್ಡಕ್ಕೆ ಮೂರು ಗೀರು. ಹುಡುಗರಾಗಿದ್ದಾಗಲೇ ಕೊಯ್ದು ಮಾಡುತ್ತಾರಂತೆ. ಅಕ್ಕ, ನಮ್ಮ ಪಕ್ಕದ ಮನೆ ರಿಟೈರ್ಡ್ ಬಸ್ ಕಂಡಕ್ಟರ್ ಕುಮಾರೇಶ್ ಮಾಮನ ವಿಭೂತಿ ನೆನಪಾಯಿತು. ಒಂದೇ ವ್ಯತ್ಯಾಸ, ಇದು ಸ್ನಾನ ಮಾಡಿದರೂ ಹೋಗುವುದಿಲ್ಲ.

ಇಂತಿ,
ಜಗತ್ತಿನ ಶಾಂತಿಗೆ ಕಾರಣಕರ್ತನಾದ
ಮುನೀಶ


ಆಲಸನತ್ತಂ, 17 ಸೆಪ್ಟೆಂಬರ್ 2023

ಲೋ ಮುನೀಶ,

ನಿನ್ನ ಕಾಗದ ಓದಿ ನಾನೂ ಪಕ್ಕದ ರೂಮಿನ ಚಂದ್ರಲೇಖಾನೂ ಬಿದ್ದು ಬಿದ್ದು ನಕ್ಕೆವು. ಕೆಳಗಿನ ಮನೆ ಓನರ್ ಬಂದು ಬಾಗಿಲು ತಟ್ಟಿದರು.

ಅಮ್ಮನ ತಲೆ ತುಂಬ ಈಗ ಆಯುಧ ಪೂಜೆ. "ಅವನ ಗಾಡೀಗೆ ಯಾರು ದೃಷ್ಟಿ ತೆಗೀತಾರೆ? ಬಂದೂಕು ಇಟ್ಕೊಂಡು ಕೂತವ್ನೆ, ಎಷ್ಟು ಜನದ ಕಣ್ಣು ಬಿದ್ದಿರ್ತದೋ" ಅಂತ ನಿದ್ದೆ ಇಲ್ಲ. ಕುಂಕುಮ, ವಿಭೂತಿ, ಕರ್ಪೂರ ಕಟ್ಟಿ ಕೊಟ್ಟಿದ್ದಾಳೆ, ಈ ಪಾರ್ಸೆಲ್‌ನಲ್ಲಿದೆ. ಅವಳ ಅಪ್ಪಣೆ: ಚಕ್ರದ ಕೆಳಗೆ ನಿಂಬೆಹಣ್ಣು. ಕುಂಬಳಕಾಯಿಯ ಮೇಲ್ಭಾಗ ಕೊರೆದು ಒಳಗೆ ಕುಂಕುಮ, ಚಿಲ್ಲರೆ ಕಾಸು. ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ಮೂರು ಸುತ್ತು ನಿವಾಳಿಸಿ, ದಾರಿ ಕೂಡುವ ಕಡೆ ಜೋರಾಗಿ ಒಡೆಯಬೇಕು. ಬೂದುಗುಂಬಳ ಸಿಗದಿದ್ದರೆ ಯಾವುದಾದರೂ ಆದೀತು. ಕಾಯಿಯ ಮೇಲೆ ರಾಕ್ಷಸನ ಮುಖ ಬರೆಯಬೇಕು.

ಇಲ್ಲಿಗೆ ಅಮ್ಮನ ಅಪ್ಪಣೆ ಮುಗಿಯಿತು. ಇನ್ನು ನನ್ನದು. ರಾಕ್ಷಸ ಅಂದರೆ ಯಾರು ಅಂತ ನಿನಗೆ ಹೇಳಬೇಕಾಗಿಲ್ಲ. ನಮ್ಮ ಚೆಂಡುಗಳನ್ನೆಲ್ಲ ಹಿತ್ತಲಲ್ಲಿ ಜಪ್ತಿ ಮಾಡಿಟ್ಟುಕೊಂಡ ಪಕ್ಕದ ಮನೆಯವನು. ಚಿಕ್ಕಂದಿನಿಂದ ಯಾವ ವರ್ಷ ನಾವು ಅವನನ್ನು ಬಿಟ್ಟಿದ್ದೇವೆ? ದಪ್ಪ ಮೀಸೆ, ಗುಡ್ಡೆ ಕಣ್ಣು, ಹಣೆ ಮೇಲೆ ವಿಭೂತಿಯಲ್ಲಿ ಮೂರು ಪಟ್ಟೆ. ಸಮುದ್ರ ದಾಟಿದೆ ಅಂತ ಸಂಪ್ರದಾಯ ಬಿಡಬೇಡ. ಮೂರು ಪಟ್ಟೆ ಎಳೆಯೋಕೆ ಮಾದರಿಯೂ ನಿನ್ನ ಗೇಟಿನ ಹತ್ತಿರವೇ ಓಡಾಡ್ತಾ ಇದೆಯಲ್ಲ.

ಫೋಟೋ ಕಳಿಸು.

ಸೆಲ್ವಿ


ಕ್ಯಾಂಪು, 26 ಅಕ್ಟೋಬರ್ 2023

ಅಕ್ಕನವರ ಪಾದಾರವಿಂದಗಳಿಗೆ,

ತಮ್ಮ ಆಜ್ಞೆ ಶಿರಸಾ ಪಾಲಿಸಲಾಯಿತು. ವರದಿ ಈ ಕೆಳಕಂಡಂತಿದೆ.

ಗಾಡಿಗಳನ್ನೆಲ್ಲ ತೊಳೆದು ಗೇಟಿನ ಹೊರಗೆ ಸಾಲಾಗಿ ನಿಲ್ಲಿಸಿದೆವು. ಬಂದೂಕುಗಳಿಗೆ ಕುಂಕುಮ. ಪೂಜೆಗೆ ಯಾರು ಅಂದಾಗ ನಮ್ಮ ಸುಬೇದಾರ್ ಸಾಹೇಬರು, "ಮದ್ರಾಸಿ ಹೈ ನಾ, ಇಸೇ ಸಬ್ ಆತಾ ಹೋಗಾ" ಅಂತ, ದಕ್ಷಿಣದವನಿಗೆ ಮಂತ್ರವೆಲ್ಲ ಬರುತ್ತದೆಂದು, ನನ್ನನ್ನು ತಳ್ಳಿದರು. ನನಗೆ ಯಾವ ಮಂತ್ರ ಬರುತ್ತದೆ ಹೇಳು. ಮುಖ ಗಂಭೀರ ಮಾಡಿಕೊಂಡು ಬಸ್ ರೂಟು ಹಿಡಿದೆ. ಓಂ ಬೇರಿಕಾಯ ನಮಃ, ಓಂ ಬಾಗಲೂರಾಯ ನಮಃ, ಓಂ ಶೂಳಗಿರಯೇ ನಮಃ, ಓಂ ಅಂಚೆಟ್ಟಿವಾಸಾಯ ನಮಃ. ಕೃಷ್ಣಗಿರಿ ಬರುವಷ್ಟರಲ್ಲಿ ಸುಬೇದಾರ್ ಸಾಹೇಬರು ಕಣ್ಣುಮುಚ್ಚಿ ಕೈಮುಗಿದಿದ್ದರು.

ಕಾಯಿ ಸಾಕಮ್ಮನಿಂದಲೇ ಕೊಂಡದ್ದು. ಅವಳು ಇದ್ದುದರಲ್ಲಿ ದೊಡ್ಡದನ್ನು ಆರಿಸಿ, ತಟ್ಟಿ ನೋಡಿ, ಹೊಟ್ಟೆ ಸವರಿ ತೋರಿಸಿ ಕೊಟ್ಟಳು, ಚೆನ್ನಾಗಿ ತಿನ್ನಿ ಅಂತ. ನಾನು ಅವಳ ಎದುರಿಗೇ ಕೂತು ಮುಖ ಬರೆದೆ. ಮೀಸೆ, ಗುಡ್ಡೆ ಕಣ್ಣು, ಮೂರು ಪಟ್ಟೆ. ಕುಮಾರೇಶ್ ಮಾಮ ಕಂಡಿದ್ದರೆ 'ಟಿಕೆಟ್ ಟಿಕೆಟ್' ಅಂತ ಕೂಗಿರೋರು.

ಗುಡಿಸಲಿನ ಜನವೆಲ್ಲ ನೋಡಲು ಬಂದಿದ್ದರು. ಅವರ ಹಿರಿಯನೊಬ್ಬ ಮುಂದೆ ಬಂದು ಆ ತಲೆ ಯಾರದು ಅಂತ ಕೇಳಿದ. ನಮಗೊಬ್ಬ ದುಭಾಷಿ ಇದ್ದಾನೆ, ಜೋಸೆಫ್, ಈ ದೇಶದವನೇ, ದೂರದ ಪಟ್ಟಣದವನು. ನಾನು ಎದೆಯುಬ್ಬಿಸಿ, ಹರಿಕಥೆ ದಾಸರ ಧ್ವನಿಯಲ್ಲಿ ಹೇಳಿದೆ: "ಇದು ನಮ್ಮ ಶತ್ರುವಿನ ತಲೆ. ಇದನ್ನು ಒಡೆದರೆ ನಮ್ಮ ಬಂದೂಕಿಗೆ ಬಲ, ನಮ್ಮ ಗಾಡಿಗೆ ದಾರಿ." ಜೋಸೆಫ್ ಒಂಚೂರೂ ನಗದೆ, ಅದೇ ಧ್ವನಿಯಲ್ಲಿ ಅವರ ಭಾಷೆಗೆ ಹೇಳಿದ. ಒಳ್ಳೆ ಶಿಷ್ಯ. ಆಮೇಲೆ ಎತ್ತಿ ಅಪ್ಪಳಿಸಿದೆ ನೋಡು, ಗುಡಿಸಲಿನ ದಾರಿಯ ತನಕ ಕೆಂಪು ಹಾರಿತು.

ಒಂದೇ ಕೊರತೆ. ನಮ್ಮೂರಲ್ಲಾಗಿದ್ದರೆ ಮಕ್ಕಳು ಕಾಸಿಗಾಗಿ ರಸ್ತೆ ಮೇಲೆ ಉರುಳಾಡಿ ಕಿತ್ತಾಡುತ್ತಿದ್ದವು. ಇಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಸಾಕಮ್ಮ ಮಗಳ ಕೈ ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾಚಿಕೆ ಸ್ವಭಾವದ ಜನ. ಸಂಜೆ ನಾನೇ ಕಾಸು ಆಯ್ದುಕೊಂಡೆ.

ಫೋಟೋ ಇದರ ಜೊತೆಗಿದೆ. ಕಾಯಿ ಎತ್ತಿ ಹಿಡಿದವನು ನಾನೇ, ಗುರುತು ಸಿಗದಿದ್ದರೆ.

ಪುರೋಹಿತ ಶಿರೋಮಣಿ
ಮುನೀಶ ಶಾಸ್ತ್ರಿ


ಆಲಸನತ್ತಂ, 24 ನವೆಂಬರ್ 2023

ಶಾಸ್ತ್ರಿಗಳೇ,

ನಿಮ್ಮ ಫೋಟೋ ಬೇರಿಕೆಯಲ್ಲಿ ದೇವರ ಪಟದ ಪಕ್ಕಕ್ಕೆ ಹೋಗಿದೆ. ಅಪ್ಪ ಹೊಸೂರಿಗೆ ಬಂದು, ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿಕೊಂಡು ಹೋದರು. ಬಂದವರಿಗೆಲ್ಲ "ನೋಡ್ರಪ್ಪ, ಪರದೇಶಕ್ಕೆ ಹೋದ್ರೂ ನಮ್ಮುಡ್ಗ ಪದ್ಧತಿ ಬಿಟ್ಟಿಲ್ಲ" ಅನ್ನುವುದೇ ಕೆಲಸ.

ಇನ್ನೂ ಕೇಳು. ನಾನು ಊರಿಗೆ ಹೋಗಿದ್ದಾಗ ಕುಮಾರೇಶ್ ಮಾಮನೇ ಬಂದು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. ನಾನು ಮೆಲ್ಲಗೆ ಬಾಗಿಲ ಮರೆಗೆ ಸರಿದೆ. "ಕಾಯಿ ಚೆನ್ನಾಗದೆ" ಅಂದರು. ಅಷ್ಟೇ. ಕಾಫಿ ಕುಡಿದು ಹೋದರು. ನಾನು ಅಡಿಗೆ ಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಸಾಕಮ್ಮನ ಸಮಾಚಾರ ಏನು? ಮುಂದಿನ ಕಾಗದದಲ್ಲಿ ಅವಳದೊಂದು ಅಧ್ಯಾಯ ಇರಲೇಬೇಕು ಅಂತ ಚಂದ್ರಲೇಖಾಳ ಬೇಡಿಕೆ.

ಸೆಲ್ವಿ


ಕ್ಯಾಂಪು, 10 ಜನವರಿ 2024

ಅಕ್ಕ,

ನಾನು ಕ್ಷೇಮ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಬಿಸಿಲು ಹೆಚ್ಚು. ಕೆಲಸವೂ ಹೆಚ್ಚು, ಅದಕ್ಕೇ ಬರೆಯಲಾಗಲಿಲ್ಲ.

ಮನೆಯಲ್ಲಿ ಆ ಫೋಟೋ ಇಳಿಸಿಬಿಡು. ಅಪ್ಪನಿಗೆ ಏನಾದರೊಂದು ಕಾರಣ ಹೇಳು.

ಮುನೀಶ


ಆಲಸನತ್ತಂ, 6 ಫೆಬ್ರವರಿ 2024

ಮುನೀಶ,

ಇದೇನೋ ಇದು, ಕಾಗದವೋ ಸರ್ಕಾರಿ ನೋಟೀಸೋ? ನಾಲ್ಕು ಸಾಲು. ಬಿರುದಿಲ್ಲ, ಬಾವಲಿ ಇಲ್ಲ. ಓದಿ ಚಂದ್ರಲೇಖಾ, "ನಿನ್ ತಮ್ಮ ಲವ್ವಲ್ಲಿ ಬಿದ್ದವ್ನೆ ಕಣೇ, ಗಂಡಸರು ಮಾತು ಬಿಡೋದು ಅದಕ್ಕೇ" ಅಂದಳು. ಯಾರು ಹೇಳು. ಸಾಕಮ್ಮನ ನಾದಿನಿನಾ? ಫೋಟೋ ಅವಳು ನೋಡಿ ಮೀಸೆ ಚೆನ್ನಾಗಿಲ್ಲ ಅಂದಳಾ?

ಇಲ್ಲದಿದ್ದರೆ ಮಂತ್ರದ ವಿಷಯ ಸುಬೇದಾರರಿಗೆ ಗೊತ್ತಾಗಿ ಶಿಕ್ಷೆ ಕೊಟ್ಟಿದ್ದಾರೆ. ಎರಡರಲ್ಲಿ ಒಂದು.

ಫೋಟೋ ಇಳಿಸುವುದು ನನ್ನ ಕೈಲಾಗದು. ಅಪ್ಪನಿಗೆ ಏನಂತ ಹೇಳಲಿ? ಸಂಕ್ರಾಂತಿಗೆ ಅದಕ್ಕೆ ಹೂವಿನ ಹಾರ ಹಾಕಿದ್ದರು. ಬದುಕಿರೋರ ಫೋಟೋಗೆ ಹಾರ ಹಾಕಬಾರದು ಅಂತ ಅಮ್ಮ ಕೂಗಾಡಿ ತೆಗೆಸಿದಳು. ಕಾರಣ ಇದ್ದರೆ ಬರಿ. ಇಲ್ಲದಿದ್ದರೆ ಸುಮ್ಮನಿರು. ಅಮ್ಮ ಫೋನಿನಲ್ಲಿ ನಿನ್ನ ಧ್ವನಿ ಕೇಳಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಸೆಲ್ವಿ


ಕ್ಯಾಂಪು, 3 ಮಾರ್ಚ್ 2024

ಅಕ್ಕ,

ಇದನ್ನು ಚಂದ್ರಲೇಖಾಗೆ ಓದಿ ಹೇಳಬೇಡ.

ಪೂಜೆಯಾದ ಮೂರನೇ ದಿನ ಬೆಳಿಗ್ಗೆ ಗೇಟಿನ ಹೊರಗೆ ಗುಡಿಸಲುಗಳಿದ್ದವು, ಜನ ಇರಲಿಲ್ಲ. ಒಲೆಯಲ್ಲಿ ಬೂದಿ ಇನ್ನೂ ಬೆಚ್ಚಗಿತ್ತು. ಸಾಕಮ್ಮ ಕೂರುವ ಗೋಣಿಚೀಲ ಹಾಗೇ ಇತ್ತು. ನಾನು ನಿನಗೆ ಶಾಸ್ತ್ರಿ ಅಂತ ರುಜು ಮಾಡಿದ ಕಾಗದ ಹೆಲಿಕಾಪ್ಟರ್ ಹತ್ತಿದ್ದು ಅವತ್ತೇ. ಹಬ್ಬಕ್ಕೋ ಸಂತೆಗೋ ಹೋಗಿರಬೇಕು ಅಂದುಕೊಂಡೆ.

ಅವರು ನದಿಯಾಚೆಯ ಇನ್ನೊಂದು ಕ್ಯಾಂಪಿಗೆ ನಡೆದು ಹೊರಟಿದ್ದರು. ಅಲ್ಲಿರುವುದು ಬೇರೆ ದೇಶದ ಸೈನ್ಯ. ನಡುದಾರಿಯಲ್ಲಿ, ಅವರ ಊರು ಸುಟ್ಟವರೇ ಕಾದಿದ್ದರು. ನಮಗೆ ಸುದ್ದಿ ಬಂದು ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಯಗೊಂಡವರನ್ನು ಎತ್ತಿ ತಂದದ್ದು ನನ್ನ ಗಾಡಿಯಲ್ಲಿ. ಬಾಗಿಲ ಮೇಲೆ ಅಮ್ಮ ಕಳಿಸಿದ ಕುಂಕುಮ ಇನ್ನೂ ಅಳಿಸಿರಲಿಲ್ಲ. ಅದನ್ನು ನೋಡಿ ಒಬ್ಬ ಮುದುಕ ಗಾಡಿ ಹತ್ತಲು ಒಪ್ಪಲಿಲ್ಲ. ಕಾಲಿಗೆ ಗುಂಡು ತಗುಲಿತ್ತು, ಆದರೂ ಕೈಯೂರಿಕೊಂಡು ಹಿಂದಕ್ಕೆ ಸರಿಯುತ್ತಿದ್ದ. ಕೊನೆಗೆ ನಾವೇ ಬಲವಂತವಾಗಿ ಎತ್ತಿ ಹಾಕಿದೆವು.

ಸತ್ತವರನ್ನು ಒಂದು ಮರದ ಕೆಳಗೆ ಮಲಗಿಸಿದ್ದರು. ಮೂರು ಗೀರಿನ ಹಣೆಗಳು. ಅವರಲ್ಲಿ ಸಾಕಮ್ಮನ ಗಂಡನೂ ಇದ್ದ. ಸಾಕಮ್ಮನೂ ಮಗಳೂ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ.

ವಾಪಸು ಬರುವಾಗ ಜೋಸೆಫ್ ನನ್ನ ಪಕ್ಕದಲ್ಲಿ ಕೂತಿದ್ದ. ಇವರು ಯಾಕೆ ಹೊರಟರು ಅಂತ ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ಹೇಗೆ ಬರೆಯಲಿ. ನಿನಗೆ ಗೊತ್ತಿಲ್ಲವಾ ಅಂದ. ನೀವು ಬಂದೂಕಿಗೆ ಪೂಜೆ ಮಾಡಿದಿರಿ. ಅವರ ಕುಲದ ಗುರುತು ಬರೆದ ತಲೆ ಮಾಡಿ, ಒಳಗೆ ರಕ್ತವನ್ನೂ ದುಡ್ಡನ್ನೂ ತುಂಬಿ, ಅವರ ಬಾಗಿಲಲ್ಲಿ ಒಡೆದಿರಿ. ಇವರನ್ನು ಕೊಲ್ಲಲು ನಿಮಗೆ ಯಾರೋ ದುಡ್ಡು ಕೊಟ್ಟಿದ್ದಾರೆ ಅಂತ ಅವರು ತಿಳಿದರು. ನೀನೇ ಬಾಯಿಬಿಟ್ಟು ಶತ್ರುವಿನ ತಲೆ ಅಂದೆಯಲ್ಲ, ನಾನು ಹಾಗೇ ಹೇಳಿದೆ.

ತಮಾಷೆಗೆ ಹೇಳಿದೆ ಅಂದೆ. ಅವನು, ನೀನು ನಗಲಿಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು ಅಂದ.

ನಗದೆ ಹೇಳುವುದೇ ನನ್ನ ದೊಡ್ಡ ವಿದ್ಯೆ, ಅಲ್ಲವಾ ಅಕ್ಕ.

ದೊಡ್ಡವರು ವಿಚಾರಣೆ ಮಾಡಿ, ಯಾರೋ ಕಿಡಿಗೇಡಿಗಳು ಸುಳ್ಳು ಸುದ್ದಿ ಹಬ್ಬಿಸಿದ್ದರಿಂದ ಜನ ಹೋದರು ಅಂತ ತೀರ್ಮಾನಕ್ಕೆ ಬಂದರು. ಅವತ್ತು ನಾನು ಬಾಯಿಬಿಡಲಿಲ್ಲ. ಜನವರಿಯಲ್ಲಿ ನಿನಗೆ ಆ ನಾಲ್ಕು ಸಾಲು ಬರೆದ ಮೇಲೆ ಸುಬೇದಾರ್ ಸಾಹೇಬರ ಹತ್ತಿರ ಹೋಗಿ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಹೆಗಲ ಮೇಲೆ ಕೈಯಿಟ್ಟು, ಎಲ್ಲರೂ ಸೇರಿ ಮಾಡಿದ ಪೂಜೆ, ನೀನೊಬ್ಬನೇ ಯಾಕೆ ಹೊತ್ತುಕೊಳ್ಳುತ್ತೀಯ, ಮನೆಗೆ ಫೋನ್ ಮಾಡು ಅಂದರು. ಮೇಲಿನವರಿಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಮಕ್ಕಳು ಕಾಸಿಗೆ ಬರಲಿಲ್ಲ ಅಂತ ಬರೆದಿದ್ದೆ. ನಾಚಿಕೆ ಸ್ವಭಾವದ ಜನ ಅಂತ. ಆ ಕಾಗದ ನಿನ್ನ ಹತ್ತಿರ ಇದ್ದರೆ ಒಲೆಗೆ ಹಾಕು.

ಮುನೀಶ


ಬೇರಿಕೆ, 31 ಮಾರ್ಚ್ 2024

ಮುನೀಶ,

ನಿನ್ನ ಕಾಗದ ಬಂದು ವಾರವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ನಿನಗೆ ಸಮಾಧಾನ ಹೇಳಿದ್ದೆ, ಇನ್ನೊಂದರಲ್ಲಿ ಬೈದಿದ್ದೆ. ಎರಡಕ್ಕೂ ನನಗೆ ಬಾಯಿಲ್ಲ. ಮಾದರಿ ಗೇಟಿನ ಹತ್ತಿರವೇ ಓಡಾಡ್ತಾ ಇದೆಯಲ್ಲ ಅಂತ ಬರೆದವಳು ನಾನು. ಸಾಕಮ್ಮನ ನಾದಿನಿ ಅಂತ ಬರೆದವಳೂ ನಾನೇ. ಅಷ್ಟು ಹೊತ್ತಿಗೆ ಅವಳ ಗಂಡ ಸತ್ತು ತಿಂಗಳುಗಳಾಗಿದ್ದವು. ಲೈನಿನಲ್ಲಿ ಕೂತು ಸ್ಕ್ರೂ ಹಾಕುವಾಗ ಅದು ನೆನಪಾಗಿ ಕೈ ನಿಂತುಬಿಡುತ್ತದೆ. ಸೂಪರ್‌ವೈಸರ್ ಎರಡು ಸಲ ಕೇಳಿದರು.

ಅಪ್ಪ ಅಮ್ಮನಿಗೆ ಹೇಳಿಲ್ಲ. ಫೋಟೋ ಇಳಿಸಿದೆ. ಗೋಡೆಗೆ ಗೆದ್ದಲು ಹಿಡಿದಿದೆ ಅಂದೆ. ಅಪ್ಪ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು.

ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಇವತ್ತು ಕುಮಾರೇಶ್ ಮಾಮನ ಮನೆಗೆ ಹೋದೆ. ಕುಂಬಳಕಾಯಿಯ ಮೇಲಿದ್ದದ್ದು ನಿಮ್ಮ ಮುಖ ಮಾಮ, ಚಿಕ್ಕಂದಿನಿಂದ ನಿಮ್ಮದೇ ಅಂತ ಶುರು ಮಾಡಿದೆ. ಅವರು ಹಲಸಿನ ಬೀಜ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತು ಕಣಮ್ಮ," ಅಂದರು. "ಹತ್ತು ವರ್ಷ ನಂ ಮನೆ ಮುಂದೇನೆ ನನ್ ತಲೆ ಒಡೆದ್ರಿ. ನಂಗೆ ಕಣ್ಣಿಲ್ವಾ? ನನ್ ಹೆಂಡ್ತಿ ಇಂದ್ರಮ್ಮ ಇರೋಗಂಟ ಪ್ರತಿ ವರ್ಷ ನನ್ನ ಎಬ್ಬಿಸ್ಕೊಂಡು ಬಂದು ಕಿಟಕೀಲಿ ತೋರ್ಸೋಳು. ಈ ಸಲ ಮೀಸೆ ಚೆನ್ನಾಗ್ ಬಂದದೆ ನೋಡ್ರಿ ಅನ್ನೋಳು."

ಕೋಪ ಬರಲಿಲ್ಲವಾ ಅಂದೆ.

"ಮೂಗು ಒರೆಸ್ಕೊಳ್ಳಾಕೆ ಬರದಿರೋ ಎರಡು ಮಕ್ಳು. ನಿಮ್ಗೆ ನಾನ್ ಹೆದರ್ಕೋಬೇಕಾ?"

ಆಮೇಲೆ ಉಳಿದದ್ದೆಲ್ಲ ಹೇಳಿದೆ. ಅವರ ಕೈ ನಿಂತಿತು. "ಅವ್ನ ಕೈಯಾಗೆ ಬಂದೂಕು ಇತ್ತಲ್ಲಮ್ಮ" ಅಂದರು. ಹೊರಡುವಾಗ ಸುಲಿದ ಬೀಜವನ್ನೆಲ್ಲ ನನ್ನ ಸೆರಗಿಗೆ ಸುರಿದರು.

ಕಾಗದ ಒಲೆಗೆ ಹಾಕಿಲ್ಲ. ಹಾಕುವುದಿಲ್ಲ. ಆ ಹೆಂಗಸು, ಮಗು ಏನಾದರು ಅಂತ ಹುಡುಕು.

ಸೆಲ್ವಿ


ಕ್ಯಾಂಪು, 12 ಜೂನ್ 2024

ಅಕ್ಕ,

ಸಾಕಮ್ಮ ಬಂದಿದ್ದಾಳೆ. ಮಗಳೂ ಇದ್ದಾಳೆ. ಇಷ್ಟು ದಿನ ನದಿಯಾಚೆಯ ಕ್ಯಾಂಪಿನಲ್ಲಿದ್ದರಂತೆ. ಅಲ್ಲಿ ಜಾಗ ಸಾಲದು, ರೇಷನ್ ಸಾಲದು ಅಂತ ಕೆಲವರು ತಿರುಗಿ ಬಂದಿದ್ದಾರೆ. ನಮ್ಮನ್ನು ನಂಬಿ ಬಂದದ್ದಲ್ಲ. ಹೋಗಲು ಬೇರೆ ಜಾಗ ಇಲ್ಲದೆ ಬಂದದ್ದು. ಗುಡಿಸಲನ್ನು ಗೇಟಿಗೆ ಅಂಟಿಸಿ ಕಟ್ಟಿಲ್ಲ, ದೂರದಲ್ಲಿ ಕಟ್ಟಿಕೊಂಡಿದ್ದಾರೆ. ಗಾಡಿ ಹೊರಟರೆ ಮಕ್ಕಳನ್ನು ಒಳಗೆ ಕರೆಯುತ್ತಾರೆ.

ಅವಳು ಮತ್ತೆ ವ್ಯಾಪಾರಕ್ಕೆ ಕೂತಿದ್ದಾಳೆ. ಒಂದು ಬದಲಾವಣೆ. ಕುಂಬಳಕಾಯಿಯನ್ನು ಇಡಿಯಾಗಿ ಮಾರುವುದಿಲ್ಲ. ತಂದ ತಕ್ಷಣ ಕತ್ತಿ ತೆಗೆದು ಹೋಳು ಮಾಡಿ, ಹೋಳುಗಳನ್ನು ಮಾತ್ರ ಹರಡುತ್ತಾಳೆ. ನಮ್ಮ ಅಡಿಗೆಯವನು ಹೆಚ್ಚು ದುಡ್ಡು ಕೊಡುತ್ತೇನೆ ಅಂದರೂ ಇಡೀ ಕಾಯಿ ಕೊಡಲಿಲ್ಲ. ಬಿಸಿಲಿಗೆ ಹೋಳು ಮಧ್ಯಾಹ್ನದೊಳಗೆ ಬಾಡುತ್ತದೆ. ಅವಳಿಗೇ ನಷ್ಟ.

ಬಹಳ ದಿನ ನಾನು ಇನ್ನೊಂದು ಗೇಟಿನಿಂದ ಓಡಾಡಿದೆ. ನಿನ್ನೆ ಹೆಲ್ಮೆಟ್ಟೂ ಬಂದೂಕೂ ಒಳಗಿಟ್ಟು, ಜೋಸೆಫನನ್ನು ಕರೆದುಕೊಂಡು ಹೋಗಿ ಅವಳ ಮುಂದೆ ಕೂತೆ. ನಾನು ನಿಧಾನವಾಗಿ, ಸಾದಾ ಧ್ವನಿಯಲ್ಲಿ ಹೇಳುತ್ತೇನೆ, ನೀನೂ ಹಾಗೇ ಹೇಳು ಅಂತ ಅವನಿಗೆ ಮೊದಲೇ ಹೇಳಿದ್ದೆ.

ಆ ತಲೆ ನಿಮ್ಮವರದಲ್ಲ ಅಂದೆ. ಅದು ನಮ್ಮೂರಿನ ಒಬ್ಬ ಮುದುಕನದು. ಪಕ್ಕದ ಮನೆಯವನು. ಅವನೂ ಹಣೆಗೆ ಮೂರು ಗೆರೆ ಹಚ್ಚುತ್ತಾನೆ, ಬೂದಿಯಲ್ಲಿ. ಗಾಡಿಗೆ ಕೆಟ್ಟದ್ದಾಗಬಾರದು ಅಂತ ಒಡೆಯುವುದು ನಮ್ಮ ಪದ್ಧತಿ. ಅವನ ಮುಖ ಬರೆದದ್ದು ನನ್ನ ಹುಡುಗಾಟ. ಶತ್ರು ಅಂದದ್ದೂ ಹುಡುಗಾಟ. ನನ್ನಿಂದ ತಪ್ಪಾಯಿತು.

ಜೋಸೆಫ್ ಹೇಳಿದ. ಅವಳು ಕತ್ತಿ ಕೆಳಗಿಡಲಿಲ್ಲ, ಕೋಪ ಮಾಡಿಕೊಳ್ಳಲೂ ಇಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು. ಜೋಸೆಫ್ ಅದನ್ನು ನನಗೆ ಹೇಳಿದ.

"ಆ ಮನುಷ್ಯ ಬದುಕಿದ್ದಾನಾ?"

ಬದುಕಿದ್ದಾನೆ ಅಂದೆ.

ಅವಳು ತಲೆಯಾಡಿಸಿ ಮುಂದಿನ ಕಾಯಿ ಕೊಯ್ದಳು. ನಾನು ಇನ್ನೂ ಕೂತಿದ್ದೆ. ಹಿಂದೆ ಯಾರೋ ಸೊಪ್ಪು ಕೊಳ್ಳಲು ಬಂದಿದ್ದಾರೆ, ಏಳು ಅಂತ ಜೋಸೆಫ್ ನನ್ನ ತೋಳು ಹಿಡಿದ.

ಆಗಸ್ಟ್ ಕೊನೆಗೆ ನಮ್ಮನ್ನು ವಾಪಸು ಕಳಿಸುತ್ತಾರೆ. ನಾನು ಮನೆಗೆ ಬರುವ ದಿನ ಅಮ್ಮ ಬಾಗಿಲಲ್ಲಿ ಕಾಯಿ ನಿವಾಳಿಸಿ ಒಡೆಯಬಾರದು. ಹೇಗಾದರೂ ತಪ್ಪಿಸು. ಒಡೆಯುವ ಸದ್ದು ಕೇಳಿ ಒಳಗೆ ಬರಲು ನನ್ನಿಂದ ಆಗುವುದಿಲ್ಲ.

ಮುನೀಶ


ಬೇರಿಕೆ, 14 ಜುಲೈ 2024

ಮುನೀಶ,

ಅಮ್ಮ ನಿನಗೋಸ್ಕರ ಅಂತಲೇ ಒಂದು ಬೂದುಗುಂಬಳವನ್ನು ಅಟ್ಟದ ಮೇಲೆ ಇಟ್ಟಿದ್ದಳು. ಹೇಳಿ ನೋಡಿದೆ, ಕೇಳಲಿಲ್ಲ. ಇವತ್ತು ಅವಳು ಸಂತೆಗೆ ಹೋದಾಗ ಇಳಿಸಿ, ಹೋಳು ಮಾಡಿ, ಮಜ್ಜಿಗೆಹುಳಿ ಮಾಡಿಬಿಟ್ಟೆ. ಬಂದು ನೋಡಿ, "ದೃಷ್ಟಿಗೆ ಅಂತ ಎತ್ತಿಟ್ಟಿದ್ ಕಾಯಿ ಬೇಯಿಸ್ಬುಟ್ಟಲ್ಲೇ ಪಾಪಿ" ಅಂತ ಕೂತುಬಿಟ್ಟಳು. ಇನ್ನೊಂದು ತರುತ್ತಾಳೆ, ಗೊತ್ತು. ಅದನ್ನೂ ಹುಳಿ ಮಾಡುತ್ತೇನೆ. ನೀನು ಬರುವ ತನಕ ಈ ಮನೆಗೆ ಎಷ್ಟು ಕಾಯಿ ಬಂದರೂ ಅಷ್ಟೂ ಹುಳಿಯೇ.

ಒಂದು ಬಟ್ಟಲು ಕುಮಾರೇಶ್ ಮಾಮನಿಗೆ ಕೊಟ್ಟು, ಆ ಹೆಂಗಸು ಅವರ ಬಗ್ಗೆ ಕೇಳಿದ್ದನ್ನು ಹೇಳಿದೆ. ಅವರು ತಿನ್ನುತ್ತಿದ್ದವರು ನಿಲ್ಲಿಸಿದರು.

"ನಾನ್ ಬದುಕಿದೀನಿ ಅಂದಿದ್ಕೆ ಆಯಮ್ಮನ್ಗೆ ಸಮಾಧಾನ ಆಯ್ತಂತಾ, ಸಂಕಟ ಆಯ್ತಂತಾ?"

ಗೊತ್ತಿಲ್ಲ ಮಾಮ ಅಂದೆ.

"ಅವ್ಳ ಹೆಸ್ರೇನು?"

ಸಾಕಮ್ಮ ಅನ್ನುವುದು ಬಾಯಿಗೆ ಬಂದು ಅಲ್ಲೇ ನಿಂತಿತು. ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಮೊದಲಿನಿಂದ ಹುಡುಕಿದೆ. ಎಲ್ಲೂ ಇಲ್ಲ. ನೀನು ಬರೆದಿಲ್ಲ, ನಾನೂ ಕೇಳಿಲ್ಲ.

ಹೊರಡುವ ಮುಂಚೆ ಹೋಗಿ ಕೇಳಿಕೊಂಡು ಬಾ. ಅವಳು ಹೇಳದಿದ್ದರೆ, ಹೇಳಲಿಲ್ಲ ಅಂತ ಬರಿ.

ಸೆಲ್ವಿ